ಜಾಲಪುಟದಲ್ಲಿ ಓಲೆಗರಿಯ ಚಿತ್ರ: ಸ್ಥಾನಭಂಗವಿಲ್ಲದೆ ಹಿಗ್ಗಿಸುವ ಕ್ರಮ

1. ಪೀಠಿಕೆ

ಹಸ್ತಪ್ರತಿಗಳ ಅಧ್ಯಯನವು ಭಂಡಾರದ ಕಪಾಟಿನ ಮುಂದೆ ಕುಳಿತೇ ನಡೆಯಬೇಕೆಂಬ ನಿರ್ಬಂಧ ಇಂದು ಬಹುಮಟ್ಟಿಗೆ ಸಡಿಲಿದೆ. ಓಲೆಗರಿಗಳ ಛಾಯಾಚಿತ್ರಗಳನ್ನು ಗಣಕಯಂತ್ರದ ತೆರೆಯ ಮೇಲೆ ನೋಡಿ ಪಾಠವನ್ನು ಪರಿಶೀಲಿಸುವುದು ವಿದ್ವಾಂಸರಿಗೆ ರೂಢಿಯಾಗಿದೆ. ಇಂತಹ ಜಾಲಪುಟಗಳಲ್ಲಿ ಒಂದು ಕಟ್ಟಿನ ಗರಿಗಳೆಲ್ಲವನ್ನೂ ಕಿರಿದಾದ ಚಿತ್ರಗಳಾಗಿ ಒಂದರ ಕೆಳಗೊಂದು ಜೋಡಿಸಿರುತ್ತಾರೆ. ಮೌಸಿನ ಸೂಚಕವು ಯಾವ ಚಿತ್ರದ ಮೇಲೆ ಬಂದು ನಿಲ್ಲುವುದೋ ಆ ಚಿತ್ರ ತಾನಾಗಿ ಹಿಗ್ಗುತ್ತದೆ. ಸೂಚಕವು ಸರಿದೊಡನೆ ಮೊದಲಿನ ಗಾತ್ರಕ್ಕೆ ಕುಗ್ಗುತ್ತದೆ. ಬೇಕಾದ ಗರಿಯನ್ನು ಬೇಗನೆ ಗುರುತಿಸಲು ಇದು ಉಪಯುಕ್ತವಾದ ಏರ್ಪಾಡೇ ಸರಿ.

ಆದರೆ ಈ ಏರ್ಪಾಡನ್ನು ಮಾಡುವ ಕ್ರಮಗಳು ಎರಡುಂಟು. ಒಂದು ಕ್ರಮದಲ್ಲಿ ಚಿತ್ರ ಹಿಗ್ಗಿದಾಗ ಅದರ ಕೆಳಗಿನ ಗರಿಗಳೆಲ್ಲವೂ ಸ್ಥಾನ ಬಿಟ್ಟು ಸರಿಯುತ್ತವೆ. ಇನ್ನೊಂದರಲ್ಲಿ ಹಿಗ್ಗಿದ ಚಿತ್ರವೊಂದರ ಹೊರತು ಪುಟದಲ್ಲಿ ಯಾವುದೂ ಅಲುಗುವುದಿಲ್ಲ. ಹೊರನೋಟಕ್ಕೆ ಇದು ಅಲ್ಪವಾದ ಭೇದವೆಂದು ತೋರಬಹುದು. ಗ್ರಂಥಸಂಪಾದನೆಯ ದೃಷ್ಟಿಯಿಂದ ಇದು ಅಲ್ಪವಲ್ಲ. ಸಮಾನವಾದ ಪದ ಎರಡು ಸಾಲುಗಳಲ್ಲಿ ಬಂದಾಗ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿ ನಡುವಣ ಭಾಗ ಬಿಟ್ಟುಹೋಗುವುದನ್ನು ನಾವೆಲ್ಲರೂ ಪ್ರತಿಗಳಲ್ಲಿ ಕಂಡಿದ್ದೇವೆ. ಕಣ್ಣು ನೆಟ್ಟ ಸಾಲು ಚಲಿಸದೆ ಇದ್ದಾಗಲೇ ಈ ಸ್ಖಾಲಿತ್ಯ ಸಂಭವಿಸುವುದಾದರೆ, ನೋಡುತ್ತಿರುವಂತೆಯೇ ಪುಟವು ಸರಿದಾಡಿದಾಗ ಎಷ್ಟು ಸುಲಭವಾಗಿ ಸಂಭವಿಸೀತೆಂಬುದನ್ನು ಊಹಿಸಬಹುದು. ಆದುದರಿಂದ ಪುಟವಿನ್ಯಾಸವನ್ನು ಕದಡದೆ ಚಿತ್ರವನ್ನು ಹಿಗ್ಗಿಸುವುದು ಹೇಗೆ, ಅದರ ಮಿತಿಗಳೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಜಾಲಪುಟವನ್ನು ರಚಿಸುವವರು ಬೇರೆಯವರೇ ಆದರೂ, ಅವರಿಂದ ಏನನ್ನು ಅಪೇಕ್ಷಿಸಬೇಕೆಂಬುದನ್ನು ವಿದ್ವಾಂಸರು ಅರಿತಿರುವುದು ಒಳ್ಳೆಯದು.

2. ಪುಟವು ರೂಪುಗೊಳ್ಳುವ ಬಗೆ

ಜಾಲಪುಟವು ಮುದ್ರಿತ ಪುಟದಂತೆ ಒಮ್ಮೆ ಅಚ್ಚಾಗಿ ನಿಂತುಬಿಡುವ ವಸ್ತುವಲ್ಲ. ಬ್ರೌಸರು ಎಂಬ ತಂತ್ರಾಂಶವು ಬರಹದ ಸೂಚನೆಗಳನ್ನು ಓದಿ, ಓದುಗನ ತೆರೆಯ ಅಗಲಕ್ಕೆ ತಕ್ಕಂತೆ ಪ್ರತಿಸಲವೂ ಪುಟವನ್ನು ಹೊಸದಾಗಿ ಕಟ್ಟುತ್ತದೆ. ಏನಿರಬೇಕು ಎಂಬುದನ್ನು ಎಚ್.ಟಿ.ಎಂ.ಎಲ್. ಹೇಳುತ್ತದೆ, ಹೇಗೆ ಕಾಣಬೇಕು ಎಂಬುದನ್ನು ಸಿ.ಎಸ್.ಎಸ್. ಹೇಳುತ್ತದೆ. ಈ ಎರಡನೆಯ ಭಾಷೆಯನ್ನು ಹೋಕಾನ್ ವೀಯುಮ್ ಲೀ ಅವರು 1994ರ ಅಕ್ಟೋಬರಿನಲ್ಲಿ ಪ್ರಸ್ತಾಪಿಸಿದರು. ಅದರ ಮೊದಲನೆಯ ಶ್ರೇಣಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಎಂಬ ಸಂಸ್ಥೆಯು 1996ರ ಡಿಸೆಂಬರಿನಲ್ಲಿ ಅಂಗೀಕರಿಸಿತು. ಸೂಚಕವು ಒಂದು ಅಂಶದ ಮೇಲೆ ಇರುವ ಸ್ಥಿತಿಗೆ 'ಹೋವರ್' ಎಂಬ ಹೆಸರು ದೊರೆತು, ಆ ಸ್ಥಿತಿಯಲ್ಲಿ ರೂಪವನ್ನು ಬದಲಿಸುವ ಅವಕಾಶ ಉಂಟಾದುದು 1998ರ ಎರಡನೆಯ ಶ್ರೇಣಿಯಲ್ಲಿ. ಅಂಶಗಳನ್ನು ಹಿಗ್ಗಿಸುವ, ತಿರುಗಿಸುವ 'ಟ್ರಾನ್ಸ್‌ಫಾರ್ಮ್' ಮತ್ತು ಬದಲಾವಣೆಯನ್ನು ಕ್ರಮಕ್ರಮವಾಗಿ ನಡೆಸುವ 'ಟ್ರಾನ್ಸಿಷನ್' ಎಂಬ ಗುಣಗಳ ಮೊದಲ ಕರಡುಗಳನ್ನು ಅದೇ ಸಂಸ್ಥೆ 2009ರಲ್ಲಿ ಪ್ರಕಟಿಸಿತು. ಈಗ ಬಳಕೆಯಲ್ಲಿರುವ ಬ್ರೌಸರುಗಳೆಲ್ಲವೂ ಇವನ್ನು ಬಲ್ಲವು.

ಪುಟವನ್ನು ಕಟ್ಟುವ ಕೆಲಸ ಸ್ಥೂಲವಾಗಿ ನಾಲ್ಕು ಹಂತಗಳಲ್ಲಿ ಸಾಗುತ್ತದೆ. ಮೊದಲನೆಯದು, ಪ್ರತಿಯೊಂದು ಅಂಶಕ್ಕೂ ಯಾವ ನಿಯಮಗಳು ಅನ್ವಯಿಸುತ್ತವೆಂಬುದನ್ನು ನಿಶ್ಚಯಿಸುವುದು. ಎರಡನೆಯದು, ಪ್ರತಿಯೊಂದು ಅಂಶವೂ ಎಲ್ಲಿ ನಿಲ್ಲಬೇಕು, ಎಷ್ಟು ಜಾಗವನ್ನು ಆಕ್ರಮಿಸಬೇಕು ಎಂಬುದನ್ನು ಲೆಕ್ಕಹಾಕುವುದು; ಇದೇ ವಿನ್ಯಾಸದ ಹಂತ. ಮೂರನೆಯದು, ಬಣ್ಣ, ಅಕ್ಷರ, ಚಿತ್ರಗಳನ್ನು ಬರೆಯುವುದು. ನಾಲ್ಕನೆಯದು, ಹೀಗೆ ಬರೆದ ಪದರಗಳನ್ನು ಒಂದರ ಮೇಲೊಂದು ಹೊಂದಿಸಿ ತೆರೆಯ ಮೇಲೆ ತೋರಿಸುವುದು. ಎರಡನೆಯ ಹಂತದಲ್ಲಿ ಅಂಶಗಳು ಪರಸ್ಪರ ಆಶ್ರಿತವಾಗಿರುತ್ತವೆ. ಮೇಲಿನ ಅಂಶದ ಎತ್ತರ ಗೊತ್ತಾದ ಹೊರತು ಕೆಳಗಿನ ಅಂಶ ಎಲ್ಲಿ ಆರಂಭವಾಗಬೇಕೆಂಬುದು ಗೊತ್ತಾಗದು. ನಾಲ್ಕನೆಯ ಹಂತದಲ್ಲಿ ಈ ಪರಸ್ಪರಾಶ್ರಯ ಇಲ್ಲ. ಒಂದು ಪದರವನ್ನು ಹಿಗ್ಗಿಸಿದರೆ ಇನ್ನೊಂದು ಪದರಕ್ಕೆ ಬಾಧೆಯಿಲ್ಲ. ಮುಂದಿನ ವಿವೇಚನೆಯೆಲ್ಲಕ್ಕೂ ಈ ಭೇದವೇ ಆಧಾರ.

3. ದೋಷದ ಮೂಲ

ಚಿತ್ರವನ್ನು ದೊಡ್ಡದು ಮಾಡಬೇಕೆಂದಾಗ ಮೊದಲು ಹೊಳೆಯುವ ಉಪಾಯ ಅದರ ಅಗಲವನ್ನು, ಅಂದರೆ 'ವಿಡ್ತ್' ಎಂಬ ಗುಣವನ್ನು ಹೆಚ್ಚಿಸುವುದು. ಅಗಲವು ವಿನ್ಯಾಸದ ಹಂತಕ್ಕೆ ಸೇರಿದ ಗುಣ. ಅದು ಬದಲಾದೊಡನೆ ಬ್ರೌಸರು ಸ್ಥಾನಗಳ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. 24 ಅಂಗುಲ ಉದ್ದ, 2 ಅಂಗುಲ ಅಗಲದ ಗರಿಯೊಂದರಲ್ಲಿ 6 ಸಾಲುಗಳಿವೆಯೆಂದು ಭಾವಿಸಿ. ಪುಟದಲ್ಲಿ ಅದರ ಚಿತ್ರವನ್ನು 720 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರಕ್ಕೆ ಇಳಿಸಿ ಇಟ್ಟಿದೆ. ಅಂಚುಗಳನ್ನು ಗಣಿಸದಿದ್ದರೆ ಒಂದು ಸಾಲಿಗೆ 10 ಪಿಕ್ಸೆಲ್ ದೊರೆಯುತ್ತದೆ. ಈಗ ಸೂಚಕವು ಬಂದಾಗ ಅಗಲವನ್ನು 1080ಕ್ಕೆ ಏರಿಸಿದರೆ ಎತ್ತರವೂ ಅದೇ ಪ್ರಮಾಣದಲ್ಲಿ 90ಕ್ಕೆ ಏರುತ್ತದೆ. ಕೆಳಗಿನ ಗರಿಗಳೆಲ್ಲವೂ 30 ಪಿಕ್ಸೆಲ್ ಕೆಳಕ್ಕೆ ಸರಿಯುತ್ತವೆ. ಅಂದರೆ ಸರಿಯಾಗಿ ಮೂರು ಸಾಲುಗಳಷ್ಟು. ಸೂಚಕವು ಸರಿದರೆ ಮತ್ತೆ ಮೂರು ಸಾಲುಗಳಷ್ಟು ಮೇಲಕ್ಕೆ ಬರುತ್ತವೆ. ಕೆಳಗಿನ ಗರಿಯ ಎರಡನೆಯ ಸಾಲಿನಲ್ಲಿ ಕಣ್ಣಿಟ್ಟಿದ್ದವನು, ಮೌಸಿಗೆ ಕೈ ತಗುಲಿದ ಮಾತ್ರಕ್ಕೆ, ಐದನೆಯ ಸಾಲನ್ನು ನೋಡುತ್ತಿರುವ ಪ್ರಸಂಗ ಒದಗುತ್ತದೆ.

ಚಿತ್ರಗಳನ್ನು ಅಡ್ಡಸಾಲುಗಳಲ್ಲಿ ಜೋಡಿಸಿದ್ದರೆ ದೋಷ ಇನ್ನೂ ವಿಚಿತ್ರವಾಗುತ್ತದೆ. ಸಾಲಿನ ಕೊನೆಯ ಚಿತ್ರ ಹಿಗ್ಗಿದಾಗ ಆ ಸಾಲಿನಲ್ಲಿ ಅದಕ್ಕೆ ಎಡೆ ಸಾಲದೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಆಗ ಸೂಚಕದ ಅಡಿಯಲ್ಲಿ ಚಿತ್ರವೇ ಇರುವುದಿಲ್ಲ. ಹೋವರ್ ಸ್ಥಿತಿ ತಪ್ಪಿದ್ದರಿಂದ ಚಿತ್ರ ಕುಗ್ಗಿ ಮೇಲಕ್ಕೆ ಬರುತ್ತದೆ. ಬಂದೊಡನೆ ಮತ್ತೆ ಸೂಚಕದ ಅಡಿಗೆ ಸಿಕ್ಕಿ ಹಿಗ್ಗುತ್ತದೆ. ಕೈ ಅಲುಗದಿದ್ದರೂ ಚಿತ್ರವು ಮಿಣುಕುತ್ತ ಮೇಲೆ ಕೆಳಗೆ ಹಾರಾಡುವುದಕ್ಕೆ ಇದೇ ಕಾರಣ.

ಇದಲ್ಲದೆ ವೇಗದ ಪ್ರಶ್ನೆಯೂ ಇದೆ. ಸಾಮಾನ್ಯವಾದ ತೆರೆಯು ಸೆಕೆಂಡಿಗೆ 60 ಸಲ ಹೊಸ ಚಿತ್ರವನ್ನು ತೋರುತ್ತದೆ. ಒಂದೊಂದಕ್ಕೂ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು. ಹಿಗ್ಗುವ ಕ್ರಿಯೆ ಕಾಲು ಸೆಕೆಂಡಿನಲ್ಲಿ ಮುಗಿಯುವುದಾದರೆ ನಡುವೆ ಸುಮಾರು 15 ಸ್ಥಿತಿಗಳು ತೆರೆಯ ಮೇಲೆ ಬಂದುಹೋಗುತ್ತವೆ. ಅಗಲವನ್ನು ಬದಲಿಸುವ ಕ್ರಮದಲ್ಲಿ ಈ 15 ಸ್ಥಿತಿಗಳಲ್ಲಿ ಪ್ರತಿಯೊಂದಕ್ಕೂ ವಿನ್ಯಾಸದ ಲೆಕ್ಕವನ್ನು ಮತ್ತೆ ನಡೆಸಬೇಕು. ನೂರಾರು ಗರಿಗಳಿರುವ ಪುಟದಲ್ಲಿ, ಹಳೆಯ ಗಣಕಯಂತ್ರದಲ್ಲಿ, ಅಷ್ಟು ಅಲ್ಪಕಾಲದಲ್ಲಿ ಇದು ಮುಗಿಯದೆ ಚಲನೆಯು ತಡೆತಡೆದು ಸಾಗುತ್ತದೆ.

4. ಸ್ಥಾನವನ್ನು ಉಳಿಸಿ ಆಕೃತಿಯನ್ನು ಹಿಗ್ಗಿಸುವುದು

ಈ ದೋಷಗಳಿಗೆ ಪರಿಹಾರ 'ಟ್ರಾನ್ಸ್‌ಫಾರ್ಮ್' ಎಂಬ ಗುಣದಲ್ಲಿದೆ. ಅದರ 'ಸ್ಕೇಲ್' ಎಂಬ ಕ್ರಿಯೆಗೆ 1.5 ಎಂಬ ಬೆಲೆಯನ್ನು ಕೊಟ್ಟರೆ ಚಿತ್ರವು ಒಂದೂವರೆಯಷ್ಟು ಹಿಗ್ಗಿ ಕಾಣುತ್ತದೆ. ಆದರೆ ವಿನ್ಯಾಸದ ಲೆಕ್ಕದಲ್ಲಿ ಅದು ಮೊದಲಿನ 720 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರದ ಜಾಗದಲ್ಲಿಯೇ ಇದೆ. ಈ ಗುಣವು ಸುತ್ತಲಿನ ಅಂಶಗಳ ಹರಿವಿಗೆ ಬಾಧೆಯನ್ನುಂಟುಮಾಡದೆಂಬುದು ಸಿ.ಎಸ್.ಎಸ್. ನಿಯಮದಲ್ಲಿಯೇ ಅಡಕವಾಗಿದೆ. ಹಿಗ್ಗುವಿಕೆಯು ಮೇಲೆ ಹೇಳಿದ ಕೊನೆಯ ಹಂತದಲ್ಲಿ, ಪದರಗಳನ್ನು ಹೊಂದಿಸುವಾಗ, ನಡೆಯಬಲ್ಲದು. ಆದುದರಿಂದ ಬ್ರೌಸರಿಗೆ ಶ್ರಮವೂ ಕಡಿಮೆ, ಚಲನೆಯೂ ನಯವಾಗಿರುತ್ತದೆ.

ಭೂತಗನ್ನಡಿಯನ್ನು ಗರಿಯ ಮೇಲೆ ಹಿಡಿದು ನೋಡುವವರಿಗೆ ಇದು ಸುಲಭವಾಗಿ ಮನವರಿಕೆಯಾದೀತು. ಗಾಜಿನ ಅಡಿಯಲ್ಲಿ ಅಕ್ಷರವು ದೊಡ್ಡದಾಗಿ ಕಾಣುತ್ತದೆಯೇ ಹೊರತು ಗರಿಯಲ್ಲಿ ಅದು ಹೆಚ್ಚು ಜಾಗವನ್ನೇನೂ ಕೇಳುವುದಿಲ್ಲ. ಪಕ್ಕದ ಅಕ್ಷರ ಸರಿಯದು; ಕೆಳಗಿನ ಸಾಲು ಇಳಿಯದು.

ಹಿಗ್ಗುವಿಕೆ ಯಾವ ಬಿಂದುವಿನಿಂದ ಹೊರಡಬೇಕೆಂಬುದನ್ನು 'ಟ್ರಾನ್ಸ್‌ಫಾರ್ಮ್-ಆರಿಜಿನ್' ಎಂಬ ಗುಣ ನಿಶ್ಚಯಿಸುತ್ತದೆ. ಏನನ್ನೂ ಹೇಳದಿದ್ದರೆ ಅದು ಚಿತ್ರದ ನಟ್ಟನಡು. ಆಗ ಚಿತ್ರವು ನಾಲ್ಕು ಕಡೆಗೂ ಸಮನಾಗಿ ಬೆಳೆಯುತ್ತದೆ. ಎಡದ ಅಂಚನ್ನು ಬಿಂದುವಾಗಿ ಕೊಟ್ಟರೆ ಎಡಭಾಗ ನಿಂತಲ್ಲಿಯೇ ನಿಂತು ಬಲಕ್ಕೆ ಬೆಳೆಯುತ್ತದೆ.

ಬದಲಾವಣೆಯು ತಟ್ಟನೆ ಆಗದೆ ಕ್ರಮವಾಗಿ ಆಗಬೇಕಾದರೆ 'ಟ್ರಾನ್ಸಿಷನ್' ಗುಣದಿಂದ ಅವಧಿಯನ್ನು ಗೊತ್ತುಮಾಡಬೇಕು. ಇದನ್ನು ಚಿತ್ರದ ಸಹಜ ಸ್ಥಿತಿಯ ನಿಯಮದಲ್ಲಿ ಬರೆಯತಕ್ಕದ್ದು. ಹೋವರ್ ಸ್ಥಿತಿಯ ನಿಯಮದಲ್ಲಿ ಮಾತ್ರ ಬರೆದರೆ ಹಿಗ್ಗುವಾಗ ನಯವಾಗಿ ಹಿಗ್ಗಿದ ಚಿತ್ರ, ಸೂಚಕವು ಸರಿದೊಡನೆ ಒಮ್ಮೆಲೇ ಕುಸಿಯುತ್ತದೆ. ಏಕೆಂದರೆ ಆ ಹೊತ್ತಿಗೆ ಹೋವರ್ ನಿಯಮವೇ ಅನ್ವಯಿಸುತ್ತಿರುವುದಿಲ್ಲ. ಅವಧಿಯು 200ರಿಂದ 300 ಮಿಲಿಸೆಕೆಂಡುಗಳಷ್ಟಿದ್ದರೆ ಸಾಕು. ಆರಂಭಕ್ಕೆ ಮುನ್ನ 150 ಮಿಲಿಸೆಕೆಂಡುಗಳಷ್ಟು ವಿಳಂಬವನ್ನು ಇಡುವುದು ಯುಕ್ತ. ಹಾಗಿದ್ದರೆ ಸೂಚಕವು ಬೇರೆಲ್ಲಿಗೋ ಹೋಗುತ್ತ ಹಾದಿಯಲ್ಲಿ ದಾಟಿದ ಗರಿಗಳೆಲ್ಲ ಸುಮ್ಮನೆ ಉಬ್ಬಿ ಇಳಿಯುವುದಿಲ್ಲ.

5. ಅಂತರದ ಲೆಕ್ಕ

ಸ್ಕೇಲ್ ಕ್ರಿಯೆಯಿಂದ ಪಕ್ಕದ ಚಿತ್ರಗಳು ಸರಿಯುವುದಿಲ್ಲವೆಂದಾಯಿತು. ಸರಿಯದಿದ್ದರೂ ಹಿಗ್ಗಿದ ಚಿತ್ರವು ಅವುಗಳ ಮೇಲೆ ಕವಿಯಬಹುದು. ಎರಡು ಗರಿಗಳನ್ನು ಹೋಲಿಸಿ ನೋಡುವವನಿಗೆ ಇದೂ ತೊಡಕೇ. ಇದನ್ನು ಸಣ್ಣ ಲೆಕ್ಕವೊಂದರಿಂದ ನಿವಾರಿಸಬಹುದು.

ನಡುವಿನಿಂದ ಹಿಗ್ಗುವ ಚಿತ್ರವು ಮೇಲಕ್ಕೂ ಕೆಳಕ್ಕೂ ಎಷ್ಟೆಷ್ಟು ಚಾಚುವುದೆಂದು ತಿಳಿಯಲು, ಹಿಗ್ಗಿಕೆಯ ಪ್ರಮಾಣದಿಂದ ಒಂದನ್ನು ಕಳೆದು, ಉಳಿದುದನ್ನು ಎತ್ತರದಿಂದ ಗುಣಿಸಿ, ಎರಡರಿಂದ ಭಾಗಿಸಬೇಕು. ನಮ್ಮ ಉದಾಹರಣೆಯಲ್ಲಿ ಪ್ರಮಾಣ 1.5, ಎತ್ತರ 60. ಆದುದರಿಂದ ಚಾಚು ಒಂದೊಂದು ಕಡೆಗೆ 15 ಪಿಕ್ಸೆಲ್. ಗರಿಗಳ ನಡುವೆ 16 ಪಿಕ್ಸೆಲ್ ಅಂತರವನ್ನು ಮೊದಲೇ ಬಿಟ್ಟಿದ್ದರೆ ಹಿಗ್ಗಿದ ಗರಿ ಆ ಬರಿದಾದ ಜಾಗದಲ್ಲಿಯೇ ಅಡಗಿ, ನೆರೆಯ ಗರಿಯ ಒಂದಕ್ಷರವನ್ನೂ ಮುಚ್ಚದು. ದಾರದ ರಂಧ್ರದ ಸುತ್ತ ಜಾಗವನ್ನು ಬರಿದಾಗಿ ಬಿಟ್ಟು ಬರೆಯುತ್ತಿದ್ದ ಲಿಪಿಕಾರರ ಎಚ್ಚರಿಕೆ ಇಲ್ಲಿಯೂ ಅನುಕರಣೀಯ. ದಾರದ ಒರಸಾಟ ಎಲ್ಲಿಯವರೆಗೆ ಬರಬಹುದೆಂದು ಅವರು ಮೊದಲೇ ಎಣಿಸುತ್ತಿದ್ದರು. ಪುಟವನ್ನು ರಚಿಸುವವನು ಚಿತ್ರದ ಚಾಚು ಎಲ್ಲಿಯವರೆಗೆ ಬರಬಹುದೆಂದು ಮೊದಲೇ ಎಣಿಸಬೇಕು.

ಅಡ್ಡಲಾಗಿಯೂ ಇದೇ ಲೆಕ್ಕ. 720 ಪಿಕ್ಸೆಲ್ ಅಗಲದ ಚಿತ್ರ 1.5ರಷ್ಟು ಹಿಗ್ಗಿದರೆ ಎಡಕ್ಕೂ ಬಲಕ್ಕೂ 180 ಪಿಕ್ಸೆಲ್ ಚಾಚುತ್ತದೆ. 1366 ಪಿಕ್ಸೆಲ್ ಅಗಲದ ತೆರೆಯಲ್ಲಿ ಚಿತ್ರವು ನಡುವೆ ಇದ್ದರೆ ಎರಡು ಬದಿಗೂ 323 ಪಿಕ್ಸೆಲ್ ಉಳಿದಿರುತ್ತದೆ, ತೊಂದರೆಯಿಲ್ಲ. 1024 ಪಿಕ್ಸೆಲ್ ಅಗಲದ ತೆರೆಯಲ್ಲಿ ಬದಿಗೆ ಉಳಿಯುವುದು 152 ಪಿಕ್ಸೆಲ್ ಮಾತ್ರ. ಆಗ ಎಡತುದಿಯ 28 ಪಿಕ್ಸೆಲ್ ತೆರೆಯಿಂದ ಹೊರಗೆ ಬೀಳುತ್ತದೆ. ಎಡಕ್ಕೆ ಹೊರಬಿದ್ದ ಭಾಗವನ್ನು ಪುಟ ಸರಿಸಿ ನೋಡುವುದಕ್ಕೂ ಬರುವುದಿಲ್ಲ. ಗರಿಯ ಅಂಚಿನಲ್ಲಿ ಬರೆದ ಗರಿಸಂಖ್ಯೆಯೋ ಸಾಲಿನ ಮೊದಲಕ್ಷರವೋ ಹೀಗೆ ಕಾಣದೆ ಹೋಗಬಹುದು. ಬಲಕ್ಕೆ ಹೊರಬಿದ್ದ ಭಾಗದಿಂದ ಬೇರೆ ಬಗೆಯ ತೊಂದರೆ: ಪುಟದ ತಳದಲ್ಲಿ ಅಡ್ಡಸರಿತದ ಪಟ್ಟಿ ಕಾಣಿಸಿಕೊಂಡು, ಸ್ಥಿರವಾಗಿರಬೇಕೆಂದಿದ್ದ ಪುಟ ಆ ದಾರಿಯಿಂದ ಕದಡುತ್ತದೆ. ಆದುದರಿಂದ ತೆರೆಯ ಅಗಲ ಸಾಲದಿದ್ದಲ್ಲಿ ಹಿಗ್ಗಿಕೆಯ ಪ್ರಮಾಣವನ್ನು ಇಳಿಸುವ ಇಲ್ಲವೆ ಹಿಗ್ಗಿಕೆಯನ್ನೇ ಕೈಬಿಡುವ ನಿಯಮವನ್ನು ಪುಟದಲ್ಲಿ ಸೇರಿಸಿರಬೇಕು.

6. ಕೆಲವು ಶಂಕೆಗಳು ಮತ್ತು ಸಮಾಧಾನ

ಚಿತ್ರಗಳನ್ನು ಒತ್ತಾಗಿ ಜೋಡಿಸಲೇಬೇಕಾದಲ್ಲಿ ಒಂದರ ಮೇಲೊಂದು ಕವಿಯುವುದು ಅನಿವಾರ್ಯವಲ್ಲವೆ ಎಂದು ಕೇಳಬಹುದು. ಅನಿವಾರ್ಯವೇ. ಆಗ ಹಿಗ್ಗಿದ ಚಿತ್ರವೇ ಮೇಲಿರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಪುಟದಲ್ಲಿ ಆ ಮೇಲೆ ಬರುವ ಚಿತ್ರಗಳು ಅದರ ಅಂಚನ್ನು ಮುಚ್ಚುವ ಸಂಭವವಿದೆ. ಮೇಲು ಕೆಳಗುಗಳನ್ನು ನಿಶ್ಚಯಿಸುವ ಗುಣ 'ಝಡ್-ಇಂಡೆಕ್ಸ್'. ಸಾಮಾನ್ಯವಾದ ಹರಿವಿನಲ್ಲಿರುವ ಅಂಶಕ್ಕೆ ಇದು ಫಲಿಸುವುದಿಲ್ಲ. 'ಪೊಸಿಷನ್' ಗುಣಕ್ಕೆ 'ರಿಲೇಟಿವ್' ಎಂಬ ಬೆಲೆಯನ್ನು ಕೊಟ್ಟ ಬಳಿಕ ಫಲಿಸುತ್ತದೆ. ಈ ಬೆಲೆಯಿಂದಲೂ ಅಂಶದ ಸ್ಥಾನ ಕದಲುವುದಿಲ್ಲವಾದುದರಿಂದ ನಮ್ಮ ಉದ್ದೇಶಕ್ಕೆ ವಿರೋಧವಿಲ್ಲ.

ಹಿಗ್ಗಿದ ಚಿತ್ರವು ನೆರೆಯ ಚಿತ್ರದ ಮೇಲೆ ಕವಿದಾಗ ಸೂಚಕವನ್ನು ನೆರೆಯದಕ್ಕೆ ಒಯ್ಯುವುದು ಹೇಗೆ ಎಂಬುದು ಎರಡನೆಯ ಶಂಕೆ. ಹಿಗ್ಗಿದ ಭಾಗವೂ ಸೂಚಕಕ್ಕೆ ಚಿತ್ರದ ಭಾಗವೇ ಆಗಿರುತ್ತದೆ. ಆದುದರಿಂದ ನೆರೆಯ ಚಿತ್ರವನ್ನು ಮುಟ್ಟುವುದು ತಡವಾಗುತ್ತದೆ. ಪ್ರತಿಯೊಂದು ಚಿತ್ರವನ್ನೂ ಅದರದೇ ಅಳತೆಯ ಒಂದು ಚೌಕಟ್ಟಿನೊಳಗೆ ಇಟ್ಟು, ಹೋವರ್ ಸ್ಥಿತಿಯನ್ನು ಚೌಕಟ್ಟಿಗೆ ಒಪ್ಪಿಸಿ, ಒಳಗಿನ ಚಿತ್ರವನ್ನು ಮಾತ್ರ ಹಿಗ್ಗಿಸುವುದು ಇದಕ್ಕೆ ಉಪಾಯ. ಒಳಗಿನ ಚಿತ್ರವು ಸೂಚಕವನ್ನು ಗ್ರಹಿಸದಂತೆ ಮಾಡುವ ಗುಣವೂ ಉಂಟು. ಎರಡನ್ನೂ ಕೂಡಿಸಿದರೆ ಸೂಚಕಕ್ಕೆ ಸ್ಥಿರವಾದ ಚೌಕಟ್ಟು ಮಾತ್ರ ಗೋಚರವಾಗಿ, ಮಿಣುಕುವ ದೋಷಕ್ಕೂ ಎಡೆಯಿಲ್ಲದಾಗುತ್ತದೆ.

ಚೌಕಟ್ಟಿನಿಂದ ಹೊರಬಂದ ಭಾಗವನ್ನು ಕತ್ತರಿಸಿ ಮರೆಮಾಡಿದರೆ ಕವಿಯುವ ಪ್ರಶ್ನೆಯೇ ಇಲ್ಲವಲ್ಲ ಎಂಬುದು ಮೂರನೆಯ ಶಂಕೆ. 'ಓವರ್‌ಫ್ಲೋ' ಎಂಬ ಗುಣದಿಂದ ಹೀಗೆ ಮಾಡಬಹುದು. ಅಲಂಕಾರದ ಚಿತ್ರಗಳಿಗೆ ಇದು ಬಹಳವಾಗಿ ಬಳಕೆಯಲ್ಲಿದೆ. ಹಸ್ತಪ್ರತಿಯ ಚಿತ್ರಕ್ಕೆ ಇದು ಸಲ್ಲದು. ಪ್ರಮಾಣ 2 ಆದರೆ ಚೌಕಟ್ಟಿನಲ್ಲಿ ಗರಿಯ ಅರ್ಧ ಉದ್ದ, ಅರ್ಧ ಎತ್ತರ ಮಾತ್ರ ಉಳಿಯುತ್ತದೆ. ಆರು ಸಾಲುಗಳಲ್ಲಿ ಮೂರು ಕಾಣವು. ಗರಿಯಲ್ಲಿ ಇರುವುದೇ ಅಷ್ಟೆಂದು ನೋಡುವವನು ಭ್ರಮಿಸಲು ಅವಕಾಶವಾಗುತ್ತದೆ.

ಸೂಚಕವನ್ನು ಮುಟ್ಟದಿದ್ದರೂ ಪುಟವು ಕೆಲವೊಮ್ಮೆ ತಾನಾಗಿ ಜಿಗಿಯುವುದೇಕೆಂಬುದು ನಾಲ್ಕನೆಯ ಶಂಕೆ. ಚಿತ್ರದ ಅಗಲ ಎತ್ತರಗಳನ್ನು ಎಚ್.ಟಿ.ಎಂ.ಎಲ್. ಬರಹದಲ್ಲಿ ನಮೂದಿಸದಿದ್ದರೆ, ಚಿತ್ರವು ಬಂದು ತಲಪುವವರೆಗೆ ಬ್ರೌಸರು ಅದಕ್ಕೆ ಜಾಗವನ್ನು ಕಾದಿರಿಸದು. ಬಂದ ಮೇಲೆ ಉಳಿದವನ್ನು ತಳ್ಳಿ ಜಾಗ ಮಾಡುತ್ತದೆ. ಎರಡು ಸಂಖ್ಯೆಗಳನ್ನು ನಮೂದಿಸಿದ ಮಾತ್ರಕ್ಕೆ ಈ ದೋಷ ನಿವಾರಣೆಯಾಗುತ್ತದೆ. ಹೋವರ್ ಕ್ರಮವನ್ನು ಎಷ್ಟು ಎಚ್ಚರದಿಂದ ರಚಿಸಿದರೂ ಈ ನಮೂದು ಇಲ್ಲದ ಪುಟ ಸ್ಥಿರವಾಗಲಾರದು.

7. ಹಿಗ್ಗಿದ್ದೆಲ್ಲವೂ ಸ್ಪಷ್ಟವಲ್ಲ

ಇದುವರೆಗೆ ಹೇಳಿದ್ದು ಸ್ಥಾನದ ವಿಚಾರ. ಪಾಠನಿರ್ಣಯದ ದೃಷ್ಟಿಯಿಂದ ಇದಕ್ಕಿಂತ ಮುಖ್ಯವಾದುದು ಮತ್ತೊಂದಿದೆ. ಸ್ಕೇಲ್ ಕ್ರಿಯೆಯು ಚಿತ್ರದಲ್ಲಿ ಇರುವುದನ್ನು ದೊಡ್ಡದಾಗಿ ತೋರುವುದೇ ಹೊರತು ಇಲ್ಲದುದನ್ನು ತಂದುಕೊಡದು. ಕಳುಹಿಸಿದ ಚಿತ್ರವು 720 ಪಿಕ್ಸೆಲ್ ಅಗಲದ್ದೇ ಆಗಿದ್ದು ಅದನ್ನು 1080ಕ್ಕೆ ಹಿಗ್ಗಿಸಿದರೆ, ನಡುವೆ ಬೇಕಾದ ಬಿಂದುಗಳನ್ನು ಬ್ರೌಸರು ನೆರೆಯ ಬಿಂದುಗಳಿಂದ ಊಹಿಸಿ ತುಂಬುತ್ತದೆ. ಅಂಚುಗಳು ಕರಗಿ ಮೆತ್ತಗಾಗುತ್ತವೆ. ಓಲೆಗರಿಯಲ್ಲಿ ಪಕಾರ ವಕಾರಗಳಿಗೂ ದಕಾರ ಧಕಾರಗಳಿಗೂ ಇರುವ ಅಂತರ ಒಂದು ಸಣ್ಣ ಗೀರಿನದು. ಅನುಸ್ವಾರವು ಒಂದು ಕಿರುಸೊನ್ನೆ. ಬಿಂದುಗಳನ್ನು ಊಹಿಸಿ ತುಂಬುವ ಕ್ರಿಯೆಯು ಇಂತಹ ಗೀರನ್ನು ಅಳಿಸಬಹುದು; ಗರಿಯ ಮೇಲಿನ ಕಲೆಯನ್ನು ಅನುಸ್ವಾರದಂತೆ ತೋರಿಸಲೂಬಹುದು. ಹೀಗೆ ಕಂಡುದನ್ನು ಪಾಠಾಂತರವೆಂದು ದಾಖಲಿಸಿದರೆ ಅದು ಯಾವ ಲಿಪಿಕಾರನೂ ಬರೆಯದ ಪಾಠವಾಗುತ್ತದೆ.

ಆದುದರಿಂದ ಹಿಗ್ಗಿದಾಗ ಬೇಕಾಗುವಷ್ಟು ದೊಡ್ಡದಾದ ಚಿತ್ರವನ್ನೇ ಮೊದಲು ಕಳುಹಿಸಿ, ಸಹಜ ಸ್ಥಿತಿಯಲ್ಲಿ ಅದನ್ನು ಇಳಿಸಿ ತೋರಿಸಬೇಕು. ನಮ್ಮ ಉದಾಹರಣೆಯಲ್ಲಿ ಚಿತ್ರಕ್ಕೆ 1080 ಪಿಕ್ಸೆಲ್ ಅಗಲವಾದರೂ ಇರಬೇಕು. ಬಿಂದುಗಳು ಇಮ್ಮಡಿ ಸಾಂದ್ರವಾಗಿರುವ ತೆರೆಗಳಿಗೆ 2160. ಹಾಗೆಂದು ಮೂಲಚಿತ್ರವನ್ನೇ ಕಳುಹಿಸುವುದೂ ಯುಕ್ತವಲ್ಲ. 24 ಅಂಗುಲದ ಗರಿಯನ್ನು ಅಂಗುಲಕ್ಕೆ 300 ಬಿಂದುಗಳಂತೆ ಸೆರೆಹಿಡಿದರೆ 7200 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರದ ಚಿತ್ರವಾಗುತ್ತದೆ. ಅಂದರೆ 43,20,000 ಬಿಂದುಗಳು. 1080 ಅಗಲ, 90 ಎತ್ತರದ ಚಿತ್ರದಲ್ಲಿ ಇರುವುದು 97,200. ಸುಮಾರು 44 ಪಾಲು ಭಾರವಾದ ಚಿತ್ರಗಳನ್ನು ನೂರರ ಲೆಕ್ಕದಲ್ಲಿ ಒಂದೇ ಪುಟಕ್ಕೆ ತುಂಬಿದರೆ ಆ ಪುಟ ತೆರೆಯುವುದೇ ಕಷ್ಟ.

ಇದರಿಂದ ಒಂದು ನಿರ್ಣಯ ತಾನಾಗಿ ಹೊರಡುತ್ತದೆ. ಒಂದೂವರೆಯಷ್ಟು ಹಿಗ್ಗಿದ ಗರಿಯಲ್ಲಿ ಸಾಲಿಗೆ ದೊರೆಯುವುದು 15 ಪಿಕ್ಸೆಲ್; ಮೂಲಚಿತ್ರದಲ್ಲಿ ಅದೇ ಸಾಲಿಗೆ 100 ಪಿಕ್ಸೆಲ್ ಇದೆ. ಸೂಚಕದಿಂದ ಹಿಗ್ಗುವ ಚಿತ್ರವು ಗರಿಯನ್ನು ಗುರುತಿಸುವುದಕ್ಕೆ ಸಾಕು: ಇದು ಎಷ್ಟನೆಯ ಗರಿ, ಎಷ್ಟು ಸಾಲುಗಳಿವೆ, ಎಲ್ಲಿ ಮುರಿದಿದೆ, ಎಲ್ಲಿ ಚಿತ್ರವಿದೆ ಎಂಬುದನ್ನು ಅರಿಯಬಹುದು. ಮೂಡಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ಪ್ರತಿಗಳಂತೆ ಬರೆಹದ ಜೊತೆಗೆ ವರ್ಣಚಿತ್ರಗಳೂ ಇರುವಲ್ಲಿ, ಚಿತ್ರವುಳ್ಳ ಗರಿಯನ್ನು ಆರಿಸಿಕೊಳ್ಳಲು ಇಂತಹ ನೋಟ ಅನುಕೂಲ. ಪಾಠವನ್ನು ನಿರ್ಣಯಿಸುವುದಕ್ಕೆ ಇದು ಪ್ರಮಾಣವಾಗದು. ಅದಕ್ಕೆ ಬೇರೆ ಏರ್ಪಾಡು ಬೇಕು. ಹಸ್ತಪ್ರತಿ ಭಂಡಾರಗಳ ನಡುವೆ ಚಿತ್ರವಿನಿಮಯಕ್ಕೆಂದು ರೂಪಿತವಾದ ಟ್ರಿಪಲ್ ಐ ಎಫ್ ಎಂಬ ಕ್ರಮದಲ್ಲಿ ದೊಡ್ಡ ಚಿತ್ರದ ಯಾವ ಭಾಗ ಬೇಕು, ಎಷ್ಟು ಗಾತ್ರದಲ್ಲಿ ಬೇಕು ಎಂಬುದನ್ನು ಕೇಳಿ ಅಷ್ಟನ್ನೇ ತರಿಸಿಕೊಳ್ಳಬಹುದು. ಇದನ್ನು ಮುನ್ನಡೆಸುವ ಒಕ್ಕೂಟ 2015ರಲ್ಲಿ ಸ್ಥಾಪಿತವಾಯಿತು. ಪಟ್ಟಿಯ ಪುಟದಲ್ಲಿ ಗರಿಯನ್ನು ಗುರುತಿಸಿ, ಅದನ್ನು ಒತ್ತಿದಾಗ ಇಂತಹ ವೀಕ್ಷಣಪುಟವು ತೆರೆಯುವಂತಿದ್ದರೆ ಎರಡು ಪ್ರಯೋಜನಗಳೂ ಸಿದ್ಧಿಸುತ್ತವೆ.

8. ಸೂಚಕವಿಲ್ಲದ ಓದುಗರು

ಕೈಫೋನಿನಲ್ಲಿ ಬೆರಳಿನಿಂದ ಮುಟ್ಟಿ ಓದುವವರಿಗೆ ಹೋವರ್ ಎಂಬ ಸ್ಥಿತಿಯೇ ಇಲ್ಲ. ಬೆರಳು ತೆರೆಯ ಮೇಲೆ ತೇಲಿ ನಿಲ್ಲಲಾರದು. ಆದುದರಿಂದ ಹಿಗ್ಗಿಕೆಯ ಮೂಲಕವೇ ದೊರೆಯುವ ಯಾವ ವಿವರವೂ ಪುಟದಲ್ಲಿ ಇರಬಾರದು. ಗರಿಸಂಖ್ಯೆಯನ್ನು ಚಿತ್ರದ ಕೆಳಗೆ ಬರಹದಲ್ಲಿ ಕೊಟ್ಟಿರಬೇಕು. ಚಿತ್ರವನ್ನು ಕಾಣಲಾರದವರ ಸಲುವಾಗಿ ಅದರ ವಿವರಣೆಯನ್ನೂ ಜೊತೆಗೆ ಸೇರಿಸಿರಬೇಕು. ಸಾಧನಕ್ಕೆ ಹೋವರ್ ಸಾಮರ್ಥ್ಯವಿದೆಯೇ ಎಂದು ಕೇಳಿ, ಇದ್ದಲ್ಲಿ ಮಾತ್ರ ಹಿಗ್ಗಿಸುವ ನಿಯಮವನ್ನು ಸಿ.ಎಸ್.ಎಸ್.ನಲ್ಲಿ ಬರೆಯಬಹುದು.

ಕೈನಡುಕದಿಂದಲೋ ದೃಷ್ಟಿಮಾಂದ್ಯದಿಂದಲೋ ಮೌಸನ್ನು ಬಿಟ್ಟು ಕೀಲಿಮಣೆಯಿಂದ ಸಾಗುವ ಹಿರಿಯ ವಿದ್ವಾಂಸರು ಅನೇಕರಿದ್ದಾರೆ. ಕೀಲಿಯಿಂದ ಒಂದು ಚಿತ್ರವನ್ನು ತಲಪಿದಾಗ ಉಂಟಾಗುವ 'ಫೋಕಸ್' ಸ್ಥಿತಿಗೂ ಅದೇ ಹಿಗ್ಗಿಕೆ ಅನ್ವಯಿಸುವಂತಿರಬೇಕು. 2018ರಲ್ಲಿ ಪ್ರಕಟವಾದ ಸುಗಮ್ಯತೆಯ ಮಾರ್ಗಸೂತ್ರಗಳ 2.1ನೆಯ ಆವೃತ್ತಿಯಲ್ಲಿ ಹೋವರ್ ಅಥವಾ ಫೋಕಸ್‌ನಿಂದ ಹೆಚ್ಚಿನದೇನಾದರೂ ತೋರಿಬಂದರೆ, ಸೂಚಕವನ್ನು ಸರಿಸದೆಯೇ ಅದನ್ನು ಮುಚ್ಚಲು ಉಪಾಯವಿರಬೇಕು, ಸೂಚಕವನ್ನು ಅದರ ಮೇಲೆ ಒಯ್ಯಲು ಬರುವಂತಿರಬೇಕು, ಓದುಗನು ಬಿಡುವವರೆಗೆ ಅದು ನಿಲ್ಲಬೇಕು ಎಂದು ವಿಧಿಸಲಾಗಿದೆ. ನಮ್ಮ ವಿಷಯಕ್ಕೂ ಈ ವಿಧಿಯ ಆಶಯ ಸಲ್ಲುತ್ತದೆ. ಅಂತರವನ್ನು ಮೊದಲೇ ಬಿಟ್ಟು ರಚಿಸಿದ ಪುಟದಲ್ಲಿ ಹಿಗ್ಗಿದ ಗರಿ ಯಾವುದನ್ನೂ ಮುಚ್ಚದಿರುವುದರಿಂದ ಅಲ್ಲಿ ಚಿತ್ರಕ್ಕೆ ಸೂಚಕವನ್ನು ಗ್ರಹಿಸದಂತೆ ಮಾಡುವ ಅಗತ್ಯವೂ ಬೀಳದು.

ತೆರೆಯ ಮೇಲಿನ ಚಲನೆಯಿಂದ ತಲೆಸುತ್ತು ಬರುವವರೂ ಉಂಟು. ಅಂತಹವರು ತಮ್ಮ ಯಂತ್ರದಲ್ಲಿ ಚಲನೆ ಕಡಿಮೆಯಿರಲೆಂದು ಆಯ್ಕೆಮಾಡಿಕೊಂಡಿದ್ದರೆ 'ಪ್ರಿಫರ್ಸ್-ರೆಡ್ಯೂಸ್ಡ್-ಮೋಷನ್' ಎಂಬ ಪ್ರಶ್ನೆಯಿಂದ ಪುಟವು ಅದನ್ನು ತಿಳಿಯಬಲ್ಲದು. ಆಗ ಕ್ರಮವಾದ ಚಲನೆಯನ್ನು ಬಿಟ್ಟು ನೇರವಾಗಿ ಹಿಗ್ಗಿದ ರೂಪವನ್ನು ತೋರಿಸಿದರಾಯಿತು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು. ಪುಟದಲ್ಲಿ ಅಂಶವು ಪಡೆದಿರುವ ಸ್ಥಾನ ಬೇರೆ, ಅದು ತೋರುವ ಆಕೃತಿ ಬೇರೆ. ಅಗಲ ಎತ್ತರಗಳನ್ನು ಬದಲಿಸಿದರೆ ಸ್ಥಾನವೇ ಬದಲಾಗಿ ಪುಟವೆಲ್ಲ ಕದಡುತ್ತದೆ. ಟ್ರಾನ್ಸ್‌ಫಾರ್ಮ್ ಗುಣವನ್ನು ಬಳಸಿದರೆ ಆಕೃತಿ ಮಾತ್ರ ಬದಲಾಗುತ್ತದೆ. ಹಿಗ್ಗಿದ ಆಕೃತಿಗೆ ಬೇಕಾದ ಎಡೆಯನ್ನು ಮೊದಲೇ ಎಣಿಸಿ ಬಿಟ್ಟಿರಬೇಕು. ಹಿಗ್ಗಿದಾಗ ತೋರುವಷ್ಟು ಬಿಂದುಗಳು ಚಿತ್ರದಲ್ಲಿ ನಿಜವಾಗಿ ಇರಬೇಕು.

ಹಸ್ತಪ್ರತಿಗಳ ಜಾಲಪುಟವೊಂದು ವಿದ್ವಾಂಸರ ಅಭಿಪ್ರಾಯಕ್ಕಾಗಿ ಬಂದಾಗ ಅವರು ಮೂರು ಪರೀಕ್ಷೆಗಳನ್ನು ಮಾಡಿ ನೋಡಬಹುದು. ಒಂದು ಗರಿಯ ಮೇಲೆ ಸೂಚಕವನ್ನಿಟ್ಟು ಅದರ ಕೆಳಗಿನ ಗರಿಯ ಒಂದು ಅಕ್ಷರವನ್ನೇ ದಿಟ್ಟಿಸಿ ನೋಡಿ, ಅದು ಅಲುಗುವುದೇ ಎಂದು ಪರೀಕ್ಷಿಸುವುದು ಮೊದಲನೆಯದು. ಹಿಗ್ಗಿದ ಗರಿಯ ಎಡಬಲದ ತುದಿಗಳು, ಗರಿಸಂಖ್ಯೆಯೊಡನೆ, ಪೂರ್ಣವಾಗಿ ಕಾಣುವುವೇ ಎಂದು ನೋಡುವುದು ಎರಡನೆಯದು. ಮೊದಲೇ ತಿಳಿದಿರುವ ಒಂದು ಸಂದಿಗ್ಧಾಕ್ಷರವನ್ನು ಹಿಗ್ಗಿದ ಚಿತ್ರದಲ್ಲಿಯೂ ಮೂಲಚಿತ್ರದಲ್ಲಿಯೂ ಹೋಲಿಸಿ, ಎರಡೂ ಒಂದೇ ಆಗಿ ಕಾಣುವುದೇ ಎಂದು ನಿರ್ಧರಿಸುವುದು ಮೂರನೆಯದು. ಈ ಮೂರರಲ್ಲಿಯೂ ಪುಟವು ತೇರ್ಗಡೆಯಾದರೆ ಗರಿಯನ್ನು ಹುಡುಕುವ ಕೆಲಸಕ್ಕೆ ಅದನ್ನು ನೆಚ್ಚಬಹುದು. ಮೂರನೆಯದರಲ್ಲಿ ತಪ್ಪಿದರೆ, ಆ ಪುಟದಿಂದ ಎತ್ತಿಕೊಂಡ ಪಾಠಗಳನ್ನು ಮೂಲಚಿತ್ರದೊಡನೆ ಇಲ್ಲವೆ ಓಲೆಯೊಡನೆಯೇ ತಾಳೆನೋಡಿದ ಹೊರತು ಸಂಪಾದನೆಯಲ್ಲಿ ಸೇರಿಸಕೂಡದು.